ಜಿಲ್ಲೆಗಳಿಗೆ ರ್ಯಾಂಕ್ ಕೊಡುವ ಮುನ್ನ: ಶಾಲಾ ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಗೆ,
ಮಾನ್ಯ ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಸಚಿವರು,
ಕರ್ನಾಟಕ ಸರ್ಕಾರ, ಬೆಂಗಳೂರು

ಹಾಗೂ

ಮಾನ್ಯ ಅಧ್ಯಕ್ಷರು,
ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ, ಬೆಂಗಳೂರು

ವಿಷಯ: ಎಸ್‌ಎಸ್‌ಎಲ್‌ಸಿ ಫಲಿತಾಂಶದ ಜಿಲ್ಲಾವಾರು ರ್ಯಾಂಕ್ ಪಟ್ಟಿ ಮತ್ತು ಅದನ್ನು ಓದುವ ರೀತಿ ಕುರಿತು.

ಮಾನ್ಯರೇ,

ನಾನು ಯಾದಗಿರಿ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಗಳಲ್ಲಿ ಗಣಿತ ಕಲಿಸಿ ಈಚೆಗೆ ನಿವೃತ್ತನಾದ ಶಿಕ್ಷಕ. ಸೇವೆಯಲ್ಲಿದ್ದಾಗ ಬಾಯಿ ಬಿಟ್ಟು ಹೇಳಲಾಗದ ಕೆಲವು ಮಾತುಗಳನ್ನು ಈಗ ತಮ್ಮ ಮುಂದೆ ಇಡುತ್ತಿದ್ದೇನೆ. ನನ್ನ ಸ್ವಂತದ ಅಹವಾಲು ಏನೂ ಇಲ್ಲ. ಪ್ರತಿ ವರ್ಷ ಎಸ್‌ಎಸ್‌ಎಲ್‌ಸಿ ಫಲಿತಾಂಶದ ದಿನ ಹೊರಬೀಳುವ ಒಂದು ಪಟ್ಟಿಯ ಬಗ್ಗೆ ಈ ಪತ್ರ.

ಆ ಪಟ್ಟಿ ಎಲ್ಲರಿಗೂ ಗೊತ್ತು. ಶೈಕ್ಷಣಿಕ ಜಿಲ್ಲೆಯ ಹೆಸರು, ಪಕ್ಕದಲ್ಲಿ ಪಾಸಾದವರ ಶೇಕಡಾ, ಅದರ ಪಕ್ಕ ಸ್ಥಾನ. 2024ರಲ್ಲಿ ಉಡುಪಿ ಶೇ 94 ಪಡೆದು ಮೊದಲು, ದಕ್ಷಿಣ ಕನ್ನಡ ಶೇ 92.12 ಪಡೆದು ಎರಡನೆಯದು. ಕೊನೆಯ, ಅಂದರೆ 35ನೇ ಸ್ಥಾನದಲ್ಲಿ ನಮ್ಮ ಯಾದಗಿರಿ, ಶೇ 50.59. ಮರುವರ್ಷ ದಕ್ಷಿಣ ಕನ್ನಡ ಶೇ 91.12ರೊಂದಿಗೆ ಮೊದಲಾಯಿತು, ಕಲಬುರಗಿ ಶೇ 42.43ರೊಂದಿಗೆ ಕೊನೆಯಾಯಿತು. ಫಲಿತಾಂಶ ಬಂದ ಅರ್ಧ ಗಂಟೆಯೊಳಗೆ ಟಿವಿಯಲ್ಲಿ ಓಡುವ ಸಾಲು ಇದೇ. ಮರುದಿನ ಪತ್ರಿಕೆಯ ಮುಖಪುಟದ ತಲೆಬರಹವೂ ಇದೇ.

ಎಷ್ಟು ಜನ ಪರೀಕ್ಷೆ ಬರೆದರು, ಎಷ್ಟು ಜನ ಪಾಸಾದರು ಎಂದು ಹೇಳುವುದಷ್ಟೇ ಈ ಅಂಕಿಯ ಕೆಲಸ. ಆದರೆ ಸಂಜೆಯಾಗುವಷ್ಟರಲ್ಲಿ ಅದು ಬೇರೆ ಏನೇನೋ ಹೇಳಲು ಶುರು ಮಾಡುತ್ತದೆ. ಯಾವ ಜಿಲ್ಲೆಯ ಮೇಷ್ಟ್ರುಗಳು ಕೆಲಸಗಳ್ಳರು, ಯಾವ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಅಸಮರ್ಥ, ಯಾವ ಕಡೆಯ ಮಕ್ಕಳು ದಡ್ಡರು ಅನ್ನುವ ತೀರ್ಪುಗಳು ಅದೇ ಅಂಕಿಯ ಮೇಲೆ ನಿಲ್ಲುತ್ತವೆ. ಅಂಕಿ ಸುಳ್ಳು ಎಂದು ನಾನು ಹೇಳುತ್ತಿಲ್ಲ. ಆ ತೀರ್ಪುಗಳ ಭಾರ ಹೊರುವ ಶಕ್ತಿ ಆ ಅಂಕಿಗೆ ಇಲ್ಲ ಎಂದು ಹೇಳುತ್ತಿದ್ದೇನೆ. ಯಾಕೆ ಇಲ್ಲ ಎನ್ನುವುದನ್ನು, ಗಣಿತದ ಮೇಷ್ಟ್ರಾದ್ದರಿಂದ, ಲೆಕ್ಕ ಹಾಕಿಯೇ ತೋರಿಸಲು ಅಪ್ಪಣೆ ಕೊಡಿ.

ಮೊದಲು ಚಿತ್ರದುರ್ಗದ ವಿಷಯ. 2023ರಲ್ಲಿ ಆ ಜಿಲ್ಲೆ ಶೇ 96.80 ಪಡೆದು ರಾಜ್ಯಕ್ಕೇ ಮೊದಲು ಬಂತು. 2024ರಲ್ಲಿ ಶೇ 72.85ಕ್ಕೆ ಇಳಿದು 21ನೇ ಸ್ಥಾನಕ್ಕೆ ಹೋಯಿತು. 2023ರಲ್ಲಿ ಶೇ 96.74 ಪಡೆದು ಎರಡನೆಯದಾಗಿದ್ದ ಮಂಡ್ಯ, ಮರುವರ್ಷ ಶೇ 73.59ಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ಒಂದು ಜಿಲ್ಲೆಯ ಶಿಕ್ಷಕರೆಲ್ಲ ಪಾಠ ಮಾಡುವುದನ್ನು ಮರೆತುಬಿಟ್ಟರಾ? ಮಕ್ಕಳ ಬುದ್ಧಿ ಒಂದೇ ವರ್ಷದಲ್ಲಿ ಕಾಲು ಭಾಗ ಕಡಿಮೆಯಾಯಿತಾ? ಇಲ್ಲ. ಬದಲಾದದ್ದು ಪರೀಕ್ಷೆ ನಡೆದ ರೀತಿ. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂತು, ವೆಬ್‌ಕಾಸ್ಟಿಂಗ್ ಶುರುವಾಯಿತು. ಅದು ಒಳ್ಳೆಯ ಕೆಲಸ. ನಾನು ಮನಸಾರೆ ಒಪ್ಪುತ್ತೇನೆ. ಆದರೆ ಅದರ ಅರ್ಥ ಏನೆಂದರೆ, 2023ರ ಪಟ್ಟಿಯೂ 2024ರ ಪಟ್ಟಿಯೂ ಒಂದೇ ವಸ್ತುವನ್ನು ಅಳೆದಿಲ್ಲ.

ಇದರಲ್ಲಿ ನನಗೆ ತುಂಬಾ ನೋವಾದ ಸಂಗತಿ ಇನ್ನೊಂದಿದೆ. 2024ರ ಪಟ್ಟಿ ಬಂದ ಮೇಲೆ, ಶೇಕಡಾ ಕುಸಿದ ಜಿಲ್ಲೆಗಳನ್ನು 'ಕಾಪಿ ಜಿಲ್ಲೆ' ಎಂದು ಜನ ಸಲೀಸಾಗಿ ಕರೆದರು. ಅಲ್ಲಿ ರಾತ್ರಿ ಹಗಲು ಓದಿ, ಯಾರ ಹಂಗೂ ಇಲ್ಲದೆ ಪಾಸಾದ ಸಾವಿರಾರು ಮಕ್ಕಳಿದ್ದರು. ಅವರ ಅಂಕಪಟ್ಟಿಗೂ ಅದೇ ಮಸಿ ಅಂಟಿತು. ಗುಂಪಿನ ಅಂಕಿಯನ್ನು ತೆಗೆದು ಒಂದೊಂದು ಮಗುವಿನ ಹಣೆಗೆ ಹಚ್ಚುವುದು ಅಂದರೆ ಇದೇ.

ವರ್ಷದಿಂದ ವರ್ಷಕ್ಕೆ ಹೋಲಿಸುವ ಚಾಳಿಯೂ ಅಷ್ಟೇ ಅಪಾಯದ್ದು. 2021ರಲ್ಲಿ ಕೊರೊನಾ ಕಾರಣಕ್ಕೆ ಎರಡೇ ದಿನದಲ್ಲಿ ಬಹು ಆಯ್ಕೆ ಪ್ರಶ್ನೆಗಳ ಪರೀಕ್ಷೆ ಮುಗಿಸಿದಿರಿ, ಬಹುತೇಕ ಎಲ್ಲರೂ ಪಾಸಾದರು. 2023ರಲ್ಲಿ ರಾಜ್ಯದ ಫಲಿತಾಂಶ ಶೇ 83.89. 2024ರಲ್ಲಿ ಶೇ 73.40. ಅದೂ ಗ್ರೇಸ್ ಅಂಕದ ಮಿತಿಯನ್ನು ಶೇ 10ರಿಂದ ಶೇ 20ಕ್ಕೆ ಏರಿಸಿ, ಗ್ರೇಸ್ ಪಡೆಯಲು ಬೇಕಾದ ಅರ್ಹತೆಯನ್ನು ಶೇ 35ರಿಂದ 25ಕ್ಕೆ ಇಳಿಸಿದ ಮೇಲೆ ಬಂದ ಅಂಕಿ. ಗ್ರೇಸ್ ಇಲ್ಲದಿದ್ದರೆ ಅದು ಶೇ 54ರ ಆಸುಪಾಸಿನಲ್ಲಿ ನಿಲ್ಲುತ್ತಿತ್ತು. 2025ರಲ್ಲಿ ಆ ಗ್ರೇಸ್ ತೆಗೆದಿರಿ. ಆ ವರ್ಷ ಒಂದೇ ದಿನ ಎರಡು ಅಂಕಿ ಹೊರಬಂದವು: ಶೇ 66.14 ಮತ್ತು ಶೇ 62.34. ಎರಡೂ ನಿಜ. ಮೊದಲನೆಯದು ಮೊದಲ ಸಲ ಬರೆದ ಶಾಲಾ ವಿದ್ಯಾರ್ಥಿಗಳದ್ದು. ಎರಡನೆಯದು ಪುನರಾವರ್ತಿತರು, ಖಾಸಗಿಯಾಗಿ ಕಟ್ಟಿದವರು ಎಲ್ಲರನ್ನೂ ಸೇರಿಸಿದ್ದು. ಹಿಂದಿನ ವರ್ಷದ 73.40ನ್ನು ಇವೆರಡರಲ್ಲಿ ಯಾವುದರ ಪಕ್ಕ ಇಟ್ಟು ನೋಡಬೇಕು ಎಂದು ಒಂದು ಸಾಲಿನಲ್ಲಿ ಎದ್ದು ಕಾಣುವಂತೆ ಹೇಳಿದ್ದರೆ ಸಾಕಿತ್ತು. ಹೇಳದಿದ್ದಾಗ ಒಬ್ಬೊಬ್ಬರು ಒಂದೊಂದನ್ನು ಹಿಡಿದು, ಕುಸಿತ ಏಳು ಅಂಕ ಎಂದು ಕೆಲವರು, ಹನ್ನೊಂದು ಎಂದು ಕೆಲವರು ಬರೆಯಲು ದಾರಿಯಾಗುತ್ತದೆ. ಈಗ ಪಾಸಾಗಲು ಬೇಕಾದ ಒಟ್ಟು ಅಂಕವೂ ಶೇ 35ರಿಂದ 33ಕ್ಕೆ, ಅಂದರೆ 625ಕ್ಕೆ 206ಕ್ಕೆ ಇಳಿದಿದೆ. ಗೆರೆಯನ್ನು ಕೆಳಗೆ ಸರಿಸಿದರೆ ದಾಟುವವರು ಹೆಚ್ಚುತ್ತಾರೆ. ಅದನ್ನು ಕಲಿಕೆಯ ಸುಧಾರಣೆ ಎಂದು ಯಾರೂ ಭಾಷಣ ಮಾಡಬಾರದು.

ಇನ್ನು ನಾನು ಕಣ್ಣಾರೆ ಕಂಡದ್ದು. ಯಾವ ತಾಲ್ಲೂಕು, ಯಾವ ಅಧಿಕಾರಿ ಎಂದು ಹೇಳುವುದಿಲ್ಲ. ಫಲಿತಾಂಶ ಬಂದ ಮೇಲೆ ನಡೆಯುವ ಪರಿಶೀಲನಾ ಸಭೆ. ಗೋಡೆಯ ಮೇಲೆ ಪ್ರೊಜೆಕ್ಟರ್ ಬೆಳಕು. ಎಕ್ಸೆಲ್ ಹಾಳೆಯಲ್ಲಿ ಶಾಲೆಗಳ ಹೆಸರು ಮೇಲಿನಿಂದ ಕೆಳಕ್ಕೆ, ಹಸಿರು, ಹಳದಿ, ಕೊನೆಗೆ ಕೆಂಪು. ಕೆಂಪು ಬಣ್ಣದ ಶಾಲೆಗಳ ಮುಖ್ಯ ಶಿಕ್ಷಕರನ್ನು ಒಬ್ಬೊಬ್ಬರನ್ನೇ ಎದ್ದು ನಿಲ್ಲಿಸುತ್ತಿದ್ದರು. "ಹೋದ ವರ್ಷಕ್ಕಿಂತ ಯಾಕ್ ಕಡಿಮಿ ಆತು, ಹೇಳ್ರಿ" ಎಂಬ ಪ್ರಶ್ನೆ. ಉತ್ತರ ಕೇಳುವಷ್ಟು ಹೊತ್ತು ಯಾರಿಗೂ ಇರಲಿಲ್ಲ.

ಎದ್ದು ನಿಂತವರಲ್ಲಿ ನನಗೆ ಚೆನ್ನಾಗಿ ಗೊತ್ತಿದ್ದ ಮುಖ್ಯ ಶಿಕ್ಷಕಿಯೊಬ್ಬರಿದ್ದರು. ಅವರ ಊರಿನಲ್ಲಿ ದಸರೆ ಕಳೆದರೆ ಅರ್ಧ ಓಣಿ ಖಾಲಿ. ಬೆಂಗಳೂರಿನ ಕಟ್ಟಡ ಕೆಲಸಕ್ಕೆ, ಮುಂಬೈ ಕಡೆಗೆ ಗುಳೆ ಹೋಗುತ್ತಾರೆ. ಊರಲ್ಲೇ ಉಳಿದ ಮಕ್ಕಳು ಹತ್ತಿ ಬಿಡಿಸಲು, ಮೆಣಸಿನಕಾಯಿ ಹರಿಯಲು ಹೋಗುತ್ತಾರೆ. ಆ ವರ್ಷ ಈ ಅಕ್ಕೋರು ಮನೆ ಮನೆ ತಿರುಗಿ, ಶಾಲೆ ಬಿಟ್ಟ ಮಕ್ಕಳನ್ನು ಕರೆತಂದು ಹತ್ತನೇ ತರಗತಿಯಲ್ಲಿ ಕೂರಿಸಿ ಪರೀಕ್ಷೆ ಬರೆಸಿದ್ದರು. ಅಜ್ಜಿಯರ ಹತ್ತಿರ ಮಾತಾಡಿ, ಇಬ್ಬರು ಹೆಣ್ಣುಮಕ್ಕಳನ್ನು ಪರೀಕ್ಷೆ ಮುಗಿಯುವ ತನಕ ಊರಲ್ಲೇ ಉಳಿಸಿಕೊಂಡಿದ್ದರು.

ಆ ಶಾಲೆಯ ಲೆಕ್ಕವನ್ನು ಅರ್ಥವಾಗಲಿ ಎಂದು ದುಂಡು ಅಂಕಿಯಲ್ಲಿ ಹೇಳುತ್ತೇನೆ. ಹಿಂದಿನ ವರ್ಷ 100 ಮಕ್ಕಳು ಬರೆದು 80 ಜನ ಪಾಸಾದರು ಎಂದಿಟ್ಟುಕೊಳ್ಳಿ. ಶೇ 80. ಈ ವರ್ಷ ಶಾಲೆ ಬಿಟ್ಟಿದ್ದ 20 ಮಕ್ಕಳೂ ಸೇರಿ 120 ಜನ ಬರೆದರು. ಹಳೆಯ 100ರಲ್ಲಿ 80 ಪಾಸು, ಹೊಸ 20ರಲ್ಲಿ 10 ಪಾಸು. ಒಟ್ಟು 90. ಶೇ 75. ಹತ್ತು ಮಕ್ಕಳು ಜಾಸ್ತಿ ಪಾಸಾದರು. ಒಬ್ಬ ಮಗುವಿಗೂ ನಷ್ಟವಾಗಲಿಲ್ಲ. ಆದರೆ ಗೋಡೆಯ ಮೇಲೆ ಆ ಶಾಲೆ ಐದು ಅಂಕ ಕೆಳಗಿಳಿದು ಕೆಂಪಾಯಿತು. ಸಭೆ ಮುಗಿಸಿ ಬಸ್ ಸ್ಟ್ಯಾಂಡಿಗೆ ನಡೆಯುವಾಗ ಅವರು ಕೇಳಿದ್ದು ಇಷ್ಟೇ: "ಸರ್, ಆ ಹುಡುಗ್ರನ್ನ ಕರಕೊಂಡು ಬಂದದ್ದು ನಂದು ತಪ್ಪಾತೇನ್ರಿ?" ಅವರಿಗೆ ಕಾರಣ ಕೇಳಿ ನೋಟಿಸೂ ಬಂತು. ಮುಂದಿನ ವರ್ಷ ಅವರು ಆ ಓಣಿಗೆ ಹೋಗಲಿಲ್ಲ. ಯಾರು ಹೋಗುತ್ತಾರೆ ಹೇಳಿ?

ಮಾನ್ಯರೇ, ಈ ಪತ್ರದಲ್ಲಿ ಒಂದೇ ಒಂದು ಸಂಗತಿ ತಮ್ಮ ಮನಸ್ಸಿನಲ್ಲಿ ಉಳಿಯುವುದಾದರೆ ಇದು ಉಳಿಯಲಿ. ಶೇಕಡಾ ಎಂಬುದಕ್ಕೆ ಕೆಳಗೊಂದು ಸಂಖ್ಯೆ ಇರುತ್ತದೆ. ಯಾರನ್ನು ಸೇರಿಸಿದೆವು, ಯಾರನ್ನು ಬಿಟ್ಟೆವು ಎನ್ನುವುದು ಆ ಕೆಳಗಿನ ಸಂಖ್ಯೆಯಲ್ಲಿ ಅಡಗಿರುತ್ತದೆ. ಒಂಬತ್ತನೇ ತರಗತಿಯಲ್ಲಿ 'ಈ ಹುಡುಗ ದಾಟಲ್ಲ' ಅನಿಸಿದವನ ಅಪ್ಪನನ್ನು ಕರೆಸಿ ಟಿಸಿ ಕೊಟ್ಟು ಕಳಿಸಿದ ಶಾಲೆ ಶೇ 100 ಫಲಿತಾಂಶದ ಫ್ಲೆಕ್ಸ್ ಹಾಕಿಕೊಳ್ಳುತ್ತದೆ. ಆ ಹುಡುಗನನ್ನು ಸೇರಿಸಿಕೊಂಡ ಸರ್ಕಾರಿ ಶಾಲೆ ಕೆಂಪು ಸಾಲಿಗೆ ಬೀಳುತ್ತದೆ. ಎರಡೂ ಶಾಲೆಗಳಿಗೆ ಒಂದೇ ಅಳತೆಗೋಲು.

ಬರೀ ಖಾಸಗಿ ಶಾಲೆಯ ಮಾತಲ್ಲ ಇದು. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳು, ಆದರ್ಶ ವಿದ್ಯಾಲಯಗಳು ಆರನೇ ತರಗತಿಗೆ ಪ್ರವೇಶ ಪರೀಕ್ಷೆ ನಡೆಸಿ ಮಕ್ಕಳನ್ನು ಆರಿಸುತ್ತವೆ. ಬಡ ಮಕ್ಕಳಿಗೆ ಅವು ದೊಡ್ಡ ಆಸರೆ, ಆ ಬಗ್ಗೆ ಎರಡು ಮಾತಿಲ್ಲ. ಆದರೆ ಊರಿನ ಶಾಲೆಯಲ್ಲಿ ಓದಿನಲ್ಲಿ ಮುಂದಿದ್ದ ನಾಲ್ಕು ಮಕ್ಕಳು ಹೀಗೆ ಹೋದ ಮೇಲೆ, ಉಳಿದ ಮಕ್ಕಳ ಫಲಿತಾಂಶವನ್ನು ಆ ವಸತಿ ಶಾಲೆಯ ಫಲಿತಾಂಶದ ಪಕ್ಕ ಇಟ್ಟು "ನೋಡಿ ಅವರು ಹೇಗೆ ಕಲಿಸ್ತಾರೆ" ಎಂದರೆ ಅದು ನ್ಯಾಯವೇ?

ತಾಲ್ಲೂಕುಗಳನ್ನು ಹೋಲಿಸುವಾಗ ಇನ್ನೂ ವಿಚಿತ್ರ ಆಗುತ್ತದೆ. ಇದನ್ನು ಹತ್ತನೇ ತರಗತಿಯ ಮಕ್ಕಳಿಗೇ ಬೋರ್ಡಿನ ಮೇಲೆ ಬರೆದು ತೋರಿಸುತ್ತಿದ್ದೆ. ಎರಡು ತಾಲ್ಲೂಕುಗಳನ್ನು ಕಲ್ಪಿಸಿಕೊಳ್ಳಿ, ಎರಡರಲ್ಲೂ ಸಾವಿರ ಮಕ್ಕಳು. ಮೊದಲ ತಾಲ್ಲೂಕಿನಲ್ಲಿ 800 ಮಕ್ಕಳು ಸರ್ಕಾರಿ ಶಾಲೆಯವರು, ಅವರಲ್ಲಿ ಶೇ 60 ಪಾಸು, ಅಂದರೆ 480. ಉಳಿದ 200 ಖಾಸಗಿ ಶಾಲೆಯವರು, ಶೇ 90 ಪಾಸು, ಅಂದರೆ 180. ಒಟ್ಟು 660, ಶೇ 66. ಎರಡನೇ ತಾಲ್ಲೂಕಿನಲ್ಲಿ 300 ಮಕ್ಕಳು ಸರ್ಕಾರಿ ಶಾಲೆಯವರು, ಶೇ 55 ಪಾಸು, ಅಂದರೆ 165. ಖಾಸಗಿಯವರು 700, ಶೇ 85 ಪಾಸು, ಅಂದರೆ 595. ಒಟ್ಟು 760, ಶೇ 76. ಮೊದಲ ತಾಲ್ಲೂಕಿನ ಸರ್ಕಾರಿ ಶಾಲೆಗಳೂ ಮುಂದೆ, ಖಾಸಗಿ ಶಾಲೆಗಳೂ ಮುಂದೆ. ಆದರೂ ಪಟ್ಟಿಯಲ್ಲಿ ಅದು ಹತ್ತು ಅಂಕ ಹಿಂದೆ! ನೋಟಿಸು ಬರುವುದು ಮೊದಲ ತಾಲ್ಲೂಕಿನ ಬಿಇಒಗೆ. ಹಾರ ಬೀಳುವುದು ಎರಡನೆಯವರಿಗೆ. ಇಲ್ಲಿ ವ್ಯತ್ಯಾಸ ತಂದದ್ದು ಪಾಠವಲ್ಲ, ಯಾವ ಬಗೆಯ ಶಾಲೆಯಲ್ಲಿ ಎಷ್ಟು ಮಕ್ಕಳಿದ್ದಾರೆ ಎಂಬ ಸಂಖ್ಯೆ. ಸಂಖ್ಯಾಶಾಸ್ತ್ರದಲ್ಲಿ ಇದಕ್ಕೆ ಸಿಂಪ್ಸನ್ ವಿರೋಧಾಭಾಸ ಎನ್ನುತ್ತಾರೆ. ನಮ್ಮ ಪಟ್ಟಿಯಲ್ಲಿ ಇಂಥ ಜೋಡಿಗಳು ಎಷ್ಟಿವೆ ಎಂದು ಮಂಡಳಿ ಒಂದು ಮಧ್ಯಾಹ್ನದಲ್ಲಿ ಲೆಕ್ಕ ಹಾಕಬಹುದು. ಮಾಹಿತಿ ಎಲ್ಲಾ ತಮ್ಮ ಕೈಯಲ್ಲೇ ಇದೆ.

ಬೋಧನಾ ಮಾಧ್ಯಮದ ಲೆಕ್ಕವೂ ಹೀಗೇ ದಾರಿ ತಪ್ಪಿಸುತ್ತಿದೆ. ಇಂಗ್ಲಿಷ್ ಮಾಧ್ಯಮದ ಶೇಕಡಾ ಕನ್ನಡ ಮಾಧ್ಯಮಕ್ಕಿಂತ ಮೇಲಿದೆ ಎಂದು ಪ್ರಕಟವಾದ ಕೂಡಲೇ ತಂದೆ ತಾಯಿ ತೀರ್ಮಾನ ಮಾಡಿಬಿಡುತ್ತಾರೆ: ಮಾಧ್ಯಮ ಬದಲಿಸಿದರೆ ಮಗು ಪಾಸಾಗುತ್ತದೆ. ಆದರೆ ಆ ಎರಡು ಗುಂಪಿನ ಮಕ್ಕಳ ಮನೆಗಳು ಒಂದೇ ಥರ ಇಲ್ಲ. ಒಂದು ಗುಂಪಿನಲ್ಲಿ ಫೀಸು ಕಟ್ಟುವ, ಟ್ಯೂಷನ್‌ಗೆ ಕಳಿಸುವ, ತಾವೂ ಓದಿದ ತಂದೆ ತಾಯಿ ಜಾಸ್ತಿ. ಇನ್ನೊಂದರಲ್ಲಿ ಮನೆಯಲ್ಲಿ ಮೊದಲ ಸಲ ಹತ್ತನೇ ತರಗತಿ ಮೆಟ್ಟಿಲು ಹತ್ತಿದ ಮಕ್ಕಳು ಜಾಸ್ತಿ. ಶೇಕಡಾ ತೋರಿಸುತ್ತಿರುವುದು ಭಾಷೆಯನ್ನೋ ಮನೆಯನ್ನೋ ಎಂದು ಬೇರ್ಪಡಿಸಿ ನೋಡದೆ ಆ ಅಂಕಿಯನ್ನು ಸುಮ್ನೆ ಹೊರಗೆ ಬಿಡುವುದರಿಂದ ಕನ್ನಡ ಶಾಲೆಗಳಿಗೆ ಆಗುತ್ತಿರುವ ಪೆಟ್ಟು ಸಣ್ಣದಲ್ಲ.

ಗುಂಪಿನ ಲೆಕ್ಕದಿಂದ ವ್ಯಕ್ತಿಯ ಬಗ್ಗೆ ತೀರ್ಮಾನ ಮಾಡಬೇಡಿ ಎಂದು 1950ರಲ್ಲೇ ಅಮೆರಿಕದ ಸಮಾಜಶಾಸ್ತ್ರಜ್ಞ ಡಬ್ಲ್ಯೂ.ಎಸ್. ರಾಬಿನ್ಸನ್ ಎಚ್ಚರಿಸಿದ್ದರು. ಅವರು 1930ರ ಜನಗಣತಿ ಹಿಡಿದು ಅಲ್ಲಿನ 48 ರಾಜ್ಯಗಳನ್ನು ನೋಡಿದರು. ಹೊರದೇಶದಲ್ಲಿ ಹುಟ್ಟಿ ಬಂದವರು ಹೆಚ್ಚಿದ್ದ ರಾಜ್ಯಗಳಲ್ಲಿ ಅನಕ್ಷರತೆ ಕಡಿಮೆ ಇತ್ತು. ಹಾಗಾದರೆ ವಲಸೆ ಬಂದವರೇ ಹೆಚ್ಚು ಓದಿದವರು ಅನ್ನೋಣವೇ? ಒಬ್ಬೊಬ್ಬರ ಲೆಕ್ಕ ತೆಗೆದರೆ ಉಲ್ಟಾ. ವಲಸಿಗರಲ್ಲೇ ಅನಕ್ಷರತೆ ಜಾಸ್ತಿ ಇತ್ತು. ಅವರು ಹೋಗಿ ನೆಲೆಸಿದ್ದು ಮೊದಲೇ ಓದು ಬಲ್ಲವರು ಹೆಚ್ಚಿದ್ದ ರಾಜ್ಯಗಳಲ್ಲಿ, ಅಷ್ಟೇ. ನಮ್ಮಲ್ಲೂ ಹಾಗೇ. ಕಲಬುರಗಿ ಕೊನೆಯ ಸ್ಥಾನದಲ್ಲಿದ್ದ ವರ್ಷವೂ ಅಲ್ಲಿಂದ ನೂರಕ್ಕೆ ತೊಂಬತ್ತರ ಮೇಲೆ ತೆಗೆದ ಮಕ್ಕಳು ಬಂದಿದ್ದಾರೆ. ಮೊದಲ ಸ್ಥಾನದ ಜಿಲ್ಲೆಯಲ್ಲೂ ಫೇಲಾಗಿ ಅತ್ತ ಮಕ್ಕಳಿದ್ದಾರೆ. ಜಿಲ್ಲೆ ಜಿಲ್ಲೆಯ ನಡುವಿನ ಅಂತರ ಮಾತ್ರ ನೋಡಿದರೆ ಒಂದೇ ಜಿಲ್ಲೆಯ ಒಳಗಿರುವ ದೊಡ್ಡ ಅಂತರ ಕಣ್ಣಿಗೇ ಬೀಳುವುದಿಲ್ಲ. ಉಡುಪಿಯ ಯಾವುದೋ ಮೂಲೆಯಲ್ಲಿ ಹಿಂದುಳಿದ ಮಗುವಿಗೆ ಅದೇ ಕಾರಣಕ್ಕೆ ಸಹಾಯ ಸಿಗದೆ ಹೋಗುತ್ತದೆ. ಜಿಲ್ಲೆ ಮೊದಲ ಸ್ಥಾನದಲ್ಲಿದೆಯಲ್ಲ!

ಚಿಕ್ಕ ಶಾಲೆಗಳ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಹನ್ನೆರಡು ಮಕ್ಕಳಿರುವ ಶಾಲೆಯಲ್ಲಿ ಒಬ್ಬ ಹುಡುಗ ಜ್ವರ ಬಂದು ಒಂದು ವಿಷಯದಲ್ಲಿ ಫೇಲಾದರೆ ಶಾಲೆಯ ಶೇಕಡಾ ಎಂಟಕ್ಕೂ ಹೆಚ್ಚು ಅಂಕ ಬೀಳುತ್ತದೆ. ಮುನ್ನೂರು ಮಕ್ಕಳಿರುವ ಶಾಲೆಯಲ್ಲಿ ಅದು ಗೊತ್ತೂ ಆಗುವುದಿಲ್ಲ. ಹಾಗಾಗಿ ಯಾವ ಪಟ್ಟಿಯಲ್ಲೇ ಆಗಲಿ, ತೀರಾ ಮೇಲೂ ತೀರಾ ಕೆಳಗೂ ಚಿಕ್ಕ ಶಾಲೆಗಳೇ ಹೆಚ್ಚು ಕಾಣುತ್ತವೆ. ಶೇ 100 ಬಂದ ಚಿಕ್ಕ ಶಾಲೆಗೆ ಸನ್ಮಾನ, ಮರುವರ್ಷ ಅದೇ ಶಾಲೆಗೆ ನೋಟಿಸು. ಎರಡಕ್ಕೂ ಕಾರಣ ಒಬ್ಬಿಬ್ಬರು ಮಕ್ಕಳು.

ಇಷ್ಟೆಲ್ಲ ಹೇಳಿದ ಮೇಲೆ, "ಅಂದರೆ ಯಾದಗಿರಿಯಲ್ಲಿ ಸಮಸ್ಯೆಯೇ ಇಲ್ಲವೇ?" ಎಂದು ತಾವು ಕೇಳಬಹುದು. ಇದೆ. ನಾನೇ ಅದರ ನಡುವೆ ಇದ್ದವನು. ಭಿನ್ನರಾಶಿ ಕೂಡಿಸಲು ಬಾರದ ಮಕ್ಕಳಿಗೆ ತ್ರಿಕೋನಮಿತಿ ಹೇಳಿಕೊಟ್ಟವನು. ಆದರೆ ಅದು ಹತ್ತನೇ ತರಗತಿಯ ಮಾರ್ಚ್ ತಿಂಗಳಲ್ಲಿ ಹುಟ್ಟಿದ ಸಮಸ್ಯೆಯಲ್ಲ. 2011ರ ಜನಗಣತಿಯಲ್ಲಿ ಯಾದಗಿರಿಯ ಸಾಕ್ಷರತೆ ಶೇ 51.83, ರಾಜ್ಯದಲ್ಲೇ ಕಡಿಮೆ. ದಕ್ಷಿಣ ಕನ್ನಡದ್ದು ಶೇ 88.57. ಆ ಗಣತಿಯಲ್ಲಿ ಓದು ಬಾರದವರೆಂದು ದಾಖಲಾದ ಹೆಣ್ಣುಮಕ್ಕಳೇ ಇಂದು ನಮ್ಮ ವಿದ್ಯಾರ್ಥಿಗಳ ತಾಯಂದಿರು. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 114 ತಾಲ್ಲೂಕುಗಳನ್ನು ಹಿಂದುಳಿದವು ಎಂದು ಗುರುತಿಸಿತು. ಅದರಲ್ಲಿ ಅತ್ಯಂತ ಹಿಂದುಳಿದ 39ರಲ್ಲಿ 21 ಆಗಿನ ಗುಲ್ಬರ್ಗಾ ವಿಭಾಗದವು. ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371 ಜೆ ವಿಧಿ ಬಂದಿದ್ದೂ ಅದಕ್ಕೇ ಅಲ್ವಾ? ಒಂದು ಕೈಯಲ್ಲಿ ಈ ಭಾಗ ಹಿಂದುಳಿದಿದೆ, ವಿಶೇಷ ನೆರವು ಬೇಕು ಎಂದು ಸಂವಿಧಾನವನ್ನೇ ತಿದ್ದಿದ ಮೇಲೆ, ಇನ್ನೊಂದು ಕೈಯಲ್ಲಿ ಅದೇ ಭಾಗವನ್ನು ಕರಾವಳಿಯ ಪಕ್ಕ ನಿಲ್ಲಿಸಿ ಓಟದ ಫಲಿತಾಂಶ ಘೋಷಿಸುವುದು ಸರಿಯಲ್ಲ. ಓಟ ಶುರುವಾದ ಜಾಗವೇ ಬೇರೆ ಬೇರೆ.

ಶೇಕಡಾದ ಒತ್ತಡ ಶಾಲೆಯ ಒಳಗೆ ಏನು ಮಾಡುತ್ತದೆ ಎಂದೂ ತಾವು ತಿಳಿಯಬೇಕು. ಡಿಸೆಂಬರ್ ಬಂತೆಂದರೆ ಮಕ್ಕಳನ್ನು ಎ, ಬಿ, ಸಿ ಎಂದು ಗುಂಪು ಮಾಡುತ್ತೇವೆ. 'ಪಾಸಿಂಗ್ ಪ್ಯಾಕೇಜ್' ಹೊರಗೆ ಬರುತ್ತದೆ. ನಕ್ಷೆ ಬರೆಯುವ ಲೆಕ್ಕ, ಪ್ರಮೇಯ, ಸ್ಪರ್ಶಕ ಎಳೆಯುವುದು, ಇಷ್ಟು ಉರು ಹೊಡೆದರೆ ದಾಟಬಹುದು ಎಂಬ ಲೆಕ್ಕಾಚಾರ. ಗೆರೆಯ ಹತ್ತಿರ ಇರುವ ಮಕ್ಕಳ ಮೇಲೆ ಎಲ್ಲರ ಗಮನ. 28 ಬರುವವನನ್ನು 35ಕ್ಕೆ ತಂದರೆ ಶೇಕಡಾ ಏರುತ್ತದೆ. 60 ಬರುವವಳನ್ನು 85ಕ್ಕೆ ತಂದರೆ ಏರುವುದಿಲ್ಲ. 5 ಬರುವವನನ್ನು 20ಕ್ಕೆ ತಂದರೂ ಏರುವುದಿಲ್ಲ. ನಿಜ ಹೇಳಬೇಕೆಂದರೆ ಆ ಕೊನೆಯ ಕೆಲಸವೇ ಅತಿ ಕಷ್ಟದ್ದು, ಅತಿ ದೊಡ್ಡದ್ದು. ನಮ್ಮ ಪಟ್ಟಿಯಲ್ಲಿ ಅದಕ್ಕೆ ಬೆಲೆ ಸೊನ್ನೆ. ಎಂಟು, ಒಂಬತ್ತನೇ ತರಗತಿಯ ಪೀರಿಯಡ್‌ಗಳನ್ನು ಹತ್ತನೆಯವರಿಗೆ ಕೊಡುತ್ತೇವೆ. ಮರುವರ್ಷ ಅದೇ ಮಕ್ಕಳು ಅಡಿಪಾಯ ಇಲ್ಲದೆ ಹತ್ತನೇ ತರಗತಿಗೆ ಬರುತ್ತಾರೆ.

ಒತ್ತಡ ಮಿತಿ ಮೀರಿದರೆ ಇನ್ನೂ ಕೆಟ್ಟದ್ದಾಗುತ್ತದೆ. ಅಮೆರಿಕದ ಅಟ್ಲಾಂಟಾ ನಗರದಲ್ಲಿ ಶಾಲೆಗಳ ಪರೀಕ್ಷಾ ಅಂಕಿಗೆ ಅಧಿಕಾರಿಗಳ, ಶಿಕ್ಷಕರ ಭವಿಷ್ಯವನ್ನೇ ಕಟ್ಟಿಹಾಕಿದ್ದರು. 2011ರಲ್ಲಿ ಸರ್ಕಾರಿ ತನಿಖೆ ನಡೆದಾಗ, ನೋಡಿದ 56 ಶಾಲೆಗಳಲ್ಲಿ 44ರಲ್ಲಿ ಅಕ್ರಮ ಸಿಕ್ಕಿತು, 178 ಶಿಕ್ಷಕರು ಮತ್ತು ಪ್ರಾಂಶುಪಾಲರ ಹೆಸರು ಬಂತು. ಮಕ್ಕಳ ಉತ್ತರ ಪತ್ರಿಕೆಯನ್ನು ಮೇಷ್ಟ್ರುಗಳೇ ಅಳಿಸಿ ತಿದ್ದಿದ್ದರು. ಅವರೆಲ್ಲ ಹುಟ್ಟಾ ಮೋಸಗಾರರಾಗಿರಲಿಲ್ಲ. ನಮ್ಮ ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಯಾಕೆ ಬೇಕಾಯಿತು ಎನ್ನುವ ಪ್ರಶ್ನೆಯನ್ನೂ ಇದೇ ಬೆಳಕಿನಲ್ಲಿ ಕೇಳಿಕೊಳ್ಳಬೇಕು.

ಮಾಹಿತಿ ಮುಚ್ಚಿಡಿ ಎಂದು ನಾನು ಕೇಳುತ್ತಿಲ್ಲ. ಇನ್ನೂ ಜಾಸ್ತಿ ಕೊಡಿ ಎಂದು ಕೇಳುತ್ತಿದ್ದೇನೆ. ನನ್ನ ಬೇಡಿಕೆಗಳು ಇವು.

ಜಿಲ್ಲೆಗಳನ್ನು ಮೊದಲು, ಕೊನೆ ಎಂದು ಸಾಲಾಗಿ ನಿಲ್ಲಿಸುವ ಪಟ್ಟಿಯನ್ನು ನಿಲ್ಲಿಸಿ. ಇದು ಆಗದ ಮಾತಲ್ಲ. 2022ರಲ್ಲಿ ರ್ಯಾಂಕ್ ಬಿಟ್ಟು ಎ, ಬಿ ಎಂದು ಶ್ರೇಣಿ ಕೊಟ್ಟಿದ್ದಿರಿ. ಆಗ ಆಕಾಶವೇನೂ ಬೀಳಲಿಲ್ಲ. ಶ್ರೇಣಿಯೂ ಪೂರ್ತಿ ಉತ್ತರವಲ್ಲ, ಆದರೆ ಪಾಯಿಂಟ್ ಒಂದೆರಡರ ಅಂತರಕ್ಕೆ ಸ್ಥಾನ ಹಂಚುವುದಕ್ಕಿಂತ ವಾಸಿ. ಹೆಸರುಗಳನ್ನು ಅಕಾರಾದಿಯಲ್ಲಿ ಕೊಟ್ಟರೆ ಇನ್ನೂ ಒಳ್ಳೆಯದು.

ಪ್ರತಿ ಶೇಕಡಾದ ಪಕ್ಕ ಅದರ ಕೆಳಗಿನ ಸಂಖ್ಯೆ ಕೊಡಿ. ಎಂಟನೇ ತರಗತಿಗೆ ಸೇರಿದವರು ಎಷ್ಟು, ಹತ್ತಕ್ಕೆ ನೋಂದಾಯಿಸಿದವರು ಎಷ್ಟು, ಹಾಜರಾದವರು ಎಷ್ಟು, ಪಾಸಾದವರು ಎಷ್ಟು. ಮಕ್ಕಳ ಶಾಲಾ ದಾಖಲೆ ಇಡುವ ಇಲಾಖೆಯ ಆನ್‌ಲೈನ್ ವ್ಯವಸ್ಥೆಯಾದ ಎಸ್‌ಎಟಿಎಸ್‌ನಲ್ಲಿ ಪ್ರತಿ ಮಗುವಿಗೂ ಒಂದು ಸಂಖ್ಯೆ ಇದೆ. ಒಂದು ಮಗು ಯಾವ ಶಾಲೆಯಿಂದ ಯಾವ ಶಾಲೆಗೆ, ಯಾವ ತರಗತಿಯಲ್ಲಿ ಹೋಯಿತು ಎಂದು ಅಲ್ಲಿ ನೋಡಬಹುದು. ಎಂಟಕ್ಕೆ ಸೇರಿದ ನೂರು ಮಕ್ಕಳಲ್ಲಿ ಎಷ್ಟು ಜನ ಹತ್ತು ದಾಟಿದರು ಎಂದು ಲೆಕ್ಕ ಹಾಕಿದರೆ, ಟಿಸಿ ಕೊಟ್ಟು ಶೇ 100 ಮಾಡಿಕೊಳ್ಳುವವರ ಲೆಕ್ಕವೂ, ಗುಳೆಯಿಂದ ಮಗುವನ್ನು ಕರೆತಂದವರ ಲೆಕ್ಕವೂ ಸರಿಹೋಗುತ್ತದೆ.

ಹೋಲಿಸಲೇಬೇಕಾದರೆ ಸರ್ಕಾರಿ ಶಾಲೆಯನ್ನು ಸರ್ಕಾರಿ ಶಾಲೆಯೊಂದಿಗೆ, ಪ್ರವೇಶ ಪರೀಕ್ಷೆ ನಡೆಸುವ ಶಾಲೆಯನ್ನು ಅಂಥದ್ದೇ ಶಾಲೆಯೊಂದಿಗೆ ಹೋಲಿಸಿ. ಎಂಟನೇ ತರಗತಿಗೆ ಬಂದಾಗ ಮಕ್ಕಳ ಮಟ್ಟ ಎಲ್ಲಿತ್ತು, ಹತ್ತಕ್ಕೆ ಎಲ್ಲಿಗೆ ಬಂತು ಎಂದು ನೋಡಿ. ಚಿಕ್ಕ ಶಾಲೆಗಳಿಗೆ ಒಂದು ವರ್ಷದ ಬದಲು ಮೂರು ವರ್ಷದ ಮಕ್ಕಳನ್ನು ಒಟ್ಟು ಸೇರಿಸಿ ಲೆಕ್ಕ ತೆಗೆಯಿರಿ. ಇದರಲ್ಲೂ ಏರುಪೇರು ಇರುತ್ತದೆ, ಆದ್ದರಿಂದ ಇದನ್ನೂ ಶಿಕ್ಷೆಯ ಆಧಾರ ಮಾಡಬೇಡಿ. ಎಲ್ಲಿ ಹೋಗಿ ವಿಚಾರಿಸಬೇಕು ಎಂದು ತಿಳಿಯಲು ಬಳಸಿ.

ಪಾಸಿನ ಗೆರೆ, ಗ್ರೇಸ್, ಪ್ರಶ್ನೆಪತ್ರಿಕೆ, ಮೇಲ್ವಿಚಾರಣೆ ಇವುಗಳಲ್ಲಿ ಯಾವುದು ಬದಲಾದರೂ ಪ್ರಕಟಣೆಯ ಮೊದಲ ಪುಟದಲ್ಲೇ ಬರೆಯಿರಿ. 'ಈ ವರ್ಷದ ಅಂಕಿಯನ್ನು ಹಿಂದಿನ ವರ್ಷದೊಂದಿಗೆ ನೇರವಾಗಿ ಹೋಲಿಸಬಾರದು' ಎಂಬ ಒಂದು ವಾಕ್ಯ ಸಾಕು.

ಕೊನೆಯದು, ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಬರೀ ಶೇಕಡಾ ಇಳಿಯಿತು ಎಂಬ ಕಾರಣಕ್ಕೆ ಮುಖ್ಯ ಶಿಕ್ಷಕರಿಗೆ ನೋಟಿಸು ಕೊಡುವುದನ್ನು, ಸಭೆಯಲ್ಲಿ ಎದ್ದು ನಿಲ್ಲಿಸುವುದನ್ನು ಬಿಡಲು ಒಂದು ಸುತ್ತೋಲೆ ಹೊರಡಿಸಿ. ಫಲಿತಾಂಶ ಕಡಿಮೆಯಾದ ಶಾಲೆಗೆ ಮೊದಲು ಒಬ್ಬರು ಹೋಗಲಿ. ಗಣಿತ, ಇಂಗ್ಲಿಷ್, ವಿಜ್ಞಾನದ ಹುದ್ದೆ ಖಾಲಿ ಇದೆಯಾ, ಅತಿಥಿ ಶಿಕ್ಷಕರು ಯಾವ ತಿಂಗಳು ಬಂದರು, ಮಕ್ಕಳು ಯಾವ ತಿಂಗಳು ಗುಳೆ ಹೋದರು, ಹಾಸ್ಟೆಲ್ ಇದೆಯಾ ಎಂದು ಕೇಳಲಿ. ಆ ಉತ್ತರಗಳನ್ನು ಬರೆದುಕೊಂಡು ಬಂದ ಮೇಲೆ, ತಪ್ಪು ಯಾರದ್ದು ಎಂಬ ಮಾತು ಶುರುವಾಗಲಿ. ತಪ್ಪು ಮಾಡಿದ ಶಿಕ್ಷಕರಿದ್ದರೆ ಕ್ರಮ ಆಗಲಿ, ನನ್ನ ತಕರಾರಿಲ್ಲ.

ಮುಂದಿನ ಫಲಿತಾಂಶದ ಪ್ರಕಟಣೆಯ ನಮೂನೆ ತಯಾರಾಗುವ ಮೊದಲು ಈ ಪತ್ರ ತಮ್ಮ ಮೇಜಿಗೆ ಬರಲಿ ಎಂಬುದು ನನ್ನ ಆಸೆ. ಕೆಳಗಿನ ಸಂಖ್ಯೆಗಳನ್ನು ಸೇರಿಸಿ ಪಟ್ಟಿ ಹೇಗೆ ಮಾಡಬಹುದು ಎಂದು ಮಂಡಳಿಯವರು ಕರೆದರೆ, ನನ್ನಂಥ ನಿವೃತ್ತ ಗಣಿತ ಶಿಕ್ಷಕರು ಯಾವ ಭತ್ಯೆಯೂ ಇಲ್ಲದೆ ಬಂದು ಕೂತು ಕೆಲಸ ಮಾಡಲು ಸಿದ್ಧರಿದ್ದೇವೆ. ಈ ಬೇಡಿಕೆಗಳಲ್ಲಿ ಯಾವುದನ್ನು ಒಪ್ಪುತ್ತೀರಿ, ಯಾವುದನ್ನು ಒಪ್ಪುವುದಿಲ್ಲ, ಯಾಕೆ ಎಂದು ತಾವು ಬಹಿರಂಗವಾಗಿಯೇ ಉತ್ತರಿಸಬೇಕೆಂದು ವಿನಂತಿಸುತ್ತೇನೆ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ನಿವೃತ್ತ ಪ್ರೌಢಶಾಲಾ ಗಣಿತ ಶಿಕ್ಷಕ,
ಯಾದಗಿರಿ ಜಿಲ್ಲೆ